ಎಲ್ಲ ಸದ್ದೂ ಬೇಡ, ಮೂರು ಸಾಕು

ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಟ್ಯಾಬ್ ಒತ್ತಿದಾಗಲೆಲ್ಲ ನನ್ನ ಲಿನಕ್ಸ್ ಕಂಪ್ಯೂಟರ್ "ಟಂಗ್" ಅನ್ನುತ್ತಿತ್ತು. ವಾಲ್ಯೂಮ್ ಏರಿಸಿದರೆ "ಟಪ್". ಹೆಡ್‌ಫೋನ್ ಹಾಕಿಕೊಂಡು ಕೆಲಸ ಮಾಡುವವರಿಗೆ ಇದು ಎಂಥ ಕಿರಿಕಿರಿ ಅಂತ ಗೊತ್ತಿರುತ್ತದೆ, ಅಲ್ವಾ? ಬೇಜಾರಾಗಿ ಸಿಸ್ಟಮ್ ಸೌಂಡ್ ಪೂರ್ತಿ ಆಫ್ ಮಾಡಿಟ್ಟೆ. ಆಗ ಬೇಕಾದ ಸದ್ದೂ ಹೋಯಿತು. ಮೆಸೇಜ್ ಬಂದಿದ್ದು ಎಷ್ಟೋ ಹೊತ್ತಿನ ಮೇಲೆ ಕಣ್ಣಿಗೆ ಬೀಳುತ್ತಿತ್ತು.

ಲಿನಕ್ಸ್‌ನಲ್ಲಿ ಸಿನಮನ್ ಅನ್ನುವ ಡೆಸ್ಕ್‌ಟಾಪ್ ಬಳಸುವವರಿಗೆ ಬೇಕಾದ ಸದ್ದನ್ನಷ್ಟೇ ಇಟ್ಟುಕೊಳ್ಳುವುದು ಸುಲಭ. ಸೌಂಡ್ ಸೆಟ್ಟಿಂಗ್ಸ್‌ನಲ್ಲೇ ಒಂದೊಂದು ಸದ್ದಿಗೂ ಬೇರೆ ಸ್ವಿಚ್ ಇದೆ, ಬೇಕಾದ ಫೈಲನ್ನೂ ಆರಿಸಬಹುದು. ಗ್ನೋಮ್ ಅನ್ನುವ ಇನ್ನೊಂದು ಡೆಸ್ಕ್‌ಟಾಪ್‌ನಲ್ಲಿ ಎಚ್ಚರಿಕೆಯ ಸದ್ದೊಂದನ್ನು ಬಿಟ್ಟರೆ ಹೆಚ್ಚಿನ ಆಯ್ಕೆ ಕಾಣುವುದಿಲ್ಲ. ಆದರೆ ಒಳಗಿನ ವ್ಯವಸ್ಥೆ ನೋಡಿದ ಮೇಲೆ ನನಗೆ ನಿಜಕ್ಕೂ ಖುಷಿಯಾಯಿತು.

ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಅಪ್ಲಿಕೇಶನ್ "ಈ ಫೈಲ್ ಬಾರಿಸು" ಅಂತ ಹೇಳುವುದಿಲ್ಲ, ಒಂದು ಹೆಸರು ಹೇಳುತ್ತದೆ ಅಷ್ಟೇ. ಈ ಹೆಸರುಗಳ ಪಟ್ಟಿ ಫ್ರೀಡೆಸ್ಕ್‌ಟಾಪ್‌ನವರು, ಅಂದರೆ ಲಿನಕ್ಸ್ ಡೆಸ್ಕ್‌ಟಾಪ್‌ಗಳಿಗೆ ಸಾಮಾನ್ಯ ನಿಯಮ ರೂಪಿಸುವವರು, ಮಾಡಿದ್ದು. ಉದಾಹರಣೆಗೆ, ಹೊಸ ಈಮೇಲ್ ಬಂದರೆ "ಮೆಸೇಜ್-ನ್ಯೂ-ಈಮೇಲ್". ಆ ಹೆಸರಿನ ಫೈಲ್ ಇಲ್ಲದಿದ್ದರೆ ಸಿಸ್ಟಮ್ ಕೊನೆಯ ತುಂಡು ಬಿಟ್ಟು "ಮೆಸೇಜ್-ನ್ಯೂ" ಹುಡುಕುತ್ತದೆ, ಅದೂ ಇಲ್ಲದಿದ್ದರೆ ಬರೀ "ಮೆಸೇಜ್". ಅಂದರೆ ಎಲ್ಲ ಮೆಸೇಜಿಗೂ ಒಂದೇ ಸದ್ದು ಸಾಕು ಅನಿಸಿದರೆ ಒಂದೇ ಫೈಲ್ ಇಡಿ. ಈಮೇಲಿಗೆ ಮಾತ್ರ ಬೇರೆ ಬೇಕಾ? ಅದಕ್ಕೊಂದು ಫೈಲ್ ಸೇರಿಸಿ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ನೋಡಿ!

ಇನ್ನೂ ಒಳ್ಳೆಯದು ಅಂದರೆ ಒಂದೊಂದೇ ಸದ್ದನ್ನು ಆಫ್ ಮಾಡುವ ದಾರಿ. ಬೇಡವಾದ ಸದ್ದಿನ ಹೆಸರಿನಲ್ಲಿ ಒಂದು ಖಾಲಿ ಫೈಲ್ ಮಾಡಿ, ಕೊನೆಗೆ ".ಡಿಸೇಬಲ್ಡ್" ಅಂತ ಸೇರಿಸಿದರೆ (ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು) ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ, ಸದ್ದು ಬರುವುದಿಲ್ಲ. "ಬೆಲ್-ವಿಂಡೋ-ಸಿಸ್ಟಮ್" ಹೆಸರಿಗೆ ಹಾಗೆ ಮಾಡಿದೆ, ಆ "ಟಂಗ್" ಹೋಯಿತು.

ಇವೆಲ್ಲ ಇಡಬೇಕಾದ್ದು ಹೋಮ್ ಫೋಲ್ಡರ್ ಒಳಗಿನ ".ಲೋಕಲ್", ಅದರೊಳಗೆ "ಶೇರ್", ಅದರೊಳಗೆ "ಸೌಂಡ್ಸ್". ಅಲ್ಲಿ ನಿಮ್ಮ ಥೀಮ್‌ಗೊಂದು (ಅಂದರೆ ನಿಮ್ಮ ಸದ್ದುಗಳ ಗುಂಪಿಗೊಂದು) ಫೋಲ್ಡರ್, ಅದರೊಳಗೆ "ಇಂಡೆಕ್ಸ್.ಥೀಮ್" ಅನ್ನುವ ಚಿಕ್ಕ ಫೈಲ್. ಅದರಲ್ಲಿ "ಇನ್‌ಹೆರಿಟ್ಸ್" ಸಾಲಿಗೆ ಮೂಲ ಥೀಮಿನ ಹೆಸರಾದ ಫ್ರೀಡೆಸ್ಕ್‌ಟಾಪ್ ಅಂತ ಬರೆದರೆ ನೀವು ಮುಟ್ಟದ ಸದ್ದುಗಳು ಮೊದಲಿನ ಹಾಗೇ ಇರುತ್ತವೆ. ಸಿಸ್ಟಮ್‌ನ ಸೌಂಡ್ಸ್ ಫೋಲ್ಡರ್‌ಗೆ ಮಾತ್ರ ಕೈ ಹಾಕಬೇಡಿ, ಅಪ್‌ಡೇಟ್ ಬಂದಾಗ ನೀವು ಬದಲಿಸಿದ್ದೆಲ್ಲ ಅಳಿಸಿಹೋಗಬಹುದು. ಕೊನೆಗೆ ಸೆಟ್ಟಿಂಗ್ ಬದಲಿಸುವ ಜಿಸೆಟ್ಟಿಂಗ್ಸ್ ಕಮಾಂಡಿನಿಂದ ಥೀಮ್ ಹೆಸರು ಕೊಟ್ಟು, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ.

ನಾನು ಒಂದು ಇಡೀ ಸಂಜೆ ಕಳೆದದ್ದು ಎಂಪಿ3 ಫೈಲಿನಿಂದ. ಹೆಸರು ಸರಿ, ಜಾಗ ಸರಿ, ಪ್ಲೇಯರ್‌ನಲ್ಲಿ ಚೆನ್ನಾಗಿ ಕೇಳಿಸುತ್ತದೆ, ಆದರೆ ಸಿಸ್ಟಮ್ ಮಾತ್ರ ಸುಮ್ಮನಿರುತ್ತದೆ, ಒಂದು ಎರರ್ ಕೂಡ ಇಲ್ಲ. ಆಮೇಲೆ ಗೊತ್ತಾಯಿತು, ಈ ಸದ್ದುಗಳನ್ನು ಬಾರಿಸುವ ಲಿಬ್‌ಕ್ಯಾನ್ಬೆರ್ರಾ ಓದುವುದು ಆಗ್ ವೋರ್ಬಿಸ್ ಮತ್ತು ವೇವ್ ಫೈಲ್‌ಗಳನ್ನು ಮಾತ್ರ. ಸುಮ್ನೆ ಎಕ್ಸ್‌ಟೆನ್ಷನ್ ಬದಲಿಸಿದರೆ ಆಗುವುದಿಲ್ಲ, ಆಡಾಸಿಟಿ ಅನ್ನುವ ಆಡಿಯೋ ಎಡಿಟರ್‌ನಲ್ಲಿ ತೆರೆದು ಸರಿಯಾಗಿ ಎಕ್ಸ್‌ಪೋರ್ಟ್ ಮಾಡಬೇಕು.

ಸದ್ದು ಜಾಸ್ತಿ ಅನಿಸಿದರೆ ಪಾವುಕಂಟ್ರೋಲ್ ಅನ್ನುವ ವಾಲ್ಯೂಮ್ ಆ್ಯಪ್‌ನಲ್ಲಿ ಸಿಸ್ಟಮ್ ಸೌಂಡ್ಸ್‌ಗೆ ಬೇರೆಯೇ ಸ್ಲೈಡರ್ ಇದೆ, ಹಾಡಿನ ವಾಲ್ಯೂಮ್ ಮುಟ್ಟದೆ ಅದನ್ನಷ್ಟೇ ಇಳಿಸಬಹುದು. ಒಳಗೆ ಆಡಿಯೋ ನಿಭಾಯಿಸುವುದು ಪಲ್ಸ್‌ಆಡಿಯೋ ಇರಲಿ, 2021ರಲ್ಲಿ ಫೆಡೋರಾ ಲಿನಕ್ಸ್ 34ರಲ್ಲಿ ಡೀಫಾಲ್ಟ್ ಆದ ಪೈಪ್‌ವೈರ್ ಇರಲಿ, ಎರಡರಲ್ಲೂ ಇದು ಕೆಲಸ ಮಾಡುತ್ತದೆ.

ಈಗ ನನ್ನ ಹತ್ತಿರ ಉಳಿದಿರುವುದು ಮೂರೇ ಸದ್ದು. ಮೆಸೇಜಿಗೆ ಒಂದು. ಗಾಜಿನ ಲೋಟಕ್ಕೆ ಚಮಚ ತಾಗಿಸಿ ನಾನೇ ರೆಕಾರ್ಡ್ ಮಾಡಿದ್ದನ್ನು ಅರ್ಧ ಸೆಕೆಂಡಿಗೆ ಕತ್ತರಿಸಿ, ಕೆಲಸ ಮುಗಿದಾಗಿನ "ಕಂಪ್ಲೀಟ್" ಹೆಸರಿಗೆ ಇಟ್ಟಿದ್ದೇನೆ. ಮೂರನೆಯದು "ಡೈಲಾಗ್-ಎರರ್", ಸ್ವಲ್ಪ ಗಡಸು ದನಿ. ಬ್ಯಾಕಪ್ ಸ್ಕ್ರಿಪ್ಟ್‌ನ ಕೊನೆಯಲ್ಲಿ ಹೆಸರು ಕೊಟ್ಟರೆ ಸದ್ದು ಬಾರಿಸುವ ಕ್ಯಾನ್ಬೆರ್ರಾ-ಜಿಟಿಕೆ-ಪ್ಲೇ ಕಮಾಂಡ್ ಹಾಕಿದ್ದೇನೆ, ಸರಿಯಾಗಿ ಮುಗಿದರೆ ಲೋಟದ ಸದ್ದು, ಇಲ್ಲದಿದ್ದರೆ ಆ ಗಡಸು ದನಿ. ನಿನ್ನೆ ರಾತ್ರಿ ಪಕ್ಕದ ಕೋಣೆಯಲ್ಲಿ ಮಲಗಿದ್ದಾಗ ಲೋಟದ ಸದ್ದು ಕೇಳಿತು. ಎದ್ದು ನೋಡಲೇ ಇಲ್ಲ, ಹಾಗೇ ನಿದ್ದೆ ಹೋದೆ.