ರಾಮಪತ್ರೆ ಸಸಿಗಳ ಲೆಕ್ಕ: ನಾಲ್ಕನೆಯ ತಿಂಗಳು

ಜೂನ್ 9. ಭಾವನ ತೋಟದ ಕೆಳಗಿನ ಹಳ್ಳದಂಚಿನ ರಾಮಪತ್ರೆ (ಜಾಯಿಕಾಯಿಯ ಕಾಡು ಬಂಧು) ಮರದ ಬುಡದಲ್ಲಿ ಹಣ್ಣು ಒಡೆದು ಬಿದ್ದಿತ್ತು. ತುಕ್ಕು ಬಣ್ಣದ ಸಿಪ್ಪೆ ಎರಡು ಹೋಳು. ಒಳಗೆ ಬೀಜವನ್ನು ಎಳೆ ಎಳೆಯಾಗಿ ತಬ್ಬಿಕೊಂಡ ಕಿತ್ತಳೆ ಪತ್ರೆ, ಸಾಂಬಾರಕ್ಕೆ ಬಳಸುವುದು ಇದನ್ನೇ. 62 ಬೀಜ ಆಯ್ದೆ. ಪತ್ರೆ ಅಕ್ಕನಿಗೆ, ಬೀಜ ನನಗೆ ಎಂದು ಒಪ್ಪಂದ. ಮರದ ಮೇಲೆ ಉಳಿದದ್ದು ಮಂಗಟ್ಟೆ ಹಕ್ಕಿಯ ಪಾಲು, ಅದಕ್ಕೆ ಕೈ ಹಾಕಲಿಲ್ಲ. ಬೆಲೆಯ ಆಸೆಗೆ ಕೊಂಬೆಯನ್ನೇ ಕಡಿದು ಹಸಿಗಾಯಿ ಕೆಡವುವವರಿದ್ದಾರೆ. ಆ ಮರದ ಬುಡದಲ್ಲಿ ಸಸಿ ಹುಡುಕಿದರೆ ಎಲ್ಲಿ ಸಿಕ್ಕೀತು?

ಜೂನ್ 10. ಅಂದೇ ಸಂಜೆ ಮುಗಿಸಬೇಕಿದ್ದ ಕೆಲಸ ಒಂದು ದಿನ ತಡವಾಯಿತು. 42 ಬೀಜ ಒದ್ದೆ ಮರಳಿಗೆ. ಉಳಿದ 20ನ್ನು ಬೇಕೆಂದೇ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಟ್ಟೆ. ಮೂರು ವಾರದ ಮೇಲೆ ಬಿತ್ತಿದೆ.

ಆಗಸ್ಟ್ 2. ಮರಳಿನಲ್ಲಿ 11 ಮೊಳಕೆ.

ಸೆಪ್ಟೆಂಬರ್ 14. ಹಸಿಯಾಗಿ ಬಿತ್ತಿದ 42ರಲ್ಲಿ 29 ಎದ್ದಿವೆ. ಒಣಗಿಸಿದ 20ರಲ್ಲಿ ಒಂದೂ ಇಲ್ಲ. ಅಗೆದು ಒಂದನ್ನು ಕಿವಿಯ ಬಳಿ ಅಲ್ಲಾಡಿಸಿದೆ: ತಿರುಳು ಮುರುಟಿ ಚಿಪ್ಪಿನೊಳಗೆ ಗಲಗಲ ಎಂದಿತು. ಹೀಗಾಗುತ್ತದೆ ಎಂದು ಓದಿದ್ದೆ, ಆದರೂ ನೋಡಬೇಕೆನಿಸಿತ್ತು. ಭತ್ತ, ರಾಗಿಯಂತೆ ಒಣಗಿಸಿ ಡಬ್ಬಿಯಲ್ಲಿ ಕಾಪಿಡುವ ಬೀಜ ಇದಲ್ಲ. ತೇವ ಹೋದರೆ ಜೀವವೂ ಹೋಯಿತು. ಹಾಗಾಗಿ ಈ ಜಾತಿಗೆ ನಿಂತ ಮರವೇ ಬೀಜದ ಕಣಜ. ಹಳ್ಳದ ನೀರನ್ನು ಪಂಪಿನಿಂದ ಬರಿದು ಮಾಡಿದರೆ ಕಣಜಕ್ಕೇ ಬೆಂಕಿ.

ಕಳೆದ ವರ್ಷದ ಒಂದು ತಪ್ಪನ್ನೂ ಬರೆದಿಡುತ್ತೇನೆ. ವನಮಹೋತ್ಸವವೊಂದಕ್ಕೆ 10 ಸಸಿ ಕೊಟ್ಟಿದ್ದೆ. ಅವನ್ನು ಬೋಳು ಗುಡ್ಡದ ಬಿಸಿಲಿನಲ್ಲಿ ನೆಟ್ಟರು, ಫೋಟೊ ತೆಗೆದರು. ಮಾರ್ಚ್ ಹೊತ್ತಿಗೆ ಹತ್ತೂ ಕಡ್ಡಿ. ನೆರಳು, ನೀರು ಎರಡೂ ಬೇಕಾದ ಗಿಡ ಎಂದು ಹೇಳದೇ ಕೊಟ್ಟವನು ನಾನೇ. ಈ ಸಲ ಜಾಗ ನೋಡದೆ ಯಾರಿಗೂ ಕೊಡುವುದಿಲ್ಲ.

ಹಾಗೆಂದು ಜಡ್ಡಿಗೇ (ರಾಮಪತ್ರೆಯ ಬಂಧುಗಳು ಬೆಳೆಯುವ ಕಾಡಿನ ಜೌಗು ನೆಲಕ್ಕೇ) ಒಯ್ದು ನೆಟ್ಟು ಬರುವ ಹುಮ್ಮಸ್ಸೂ ಬೇಡ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜಡ್ಡಿಯಲ್ಲಿ ಸಿಕ್ಕ ಹೊಸ ಮರಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಾದದ್ದು 2000ದಲ್ಲಿ. ಅಷ್ಟು ದೊಡ್ಡ ಮರವೇ ಅಲ್ಲಿಯವರೆಗೆ ಲೆಕ್ಕಕ್ಕೆ ಸಿಕ್ಕಿರಲಿಲ್ಲವೆಂದರೆ, ಕಾಲಡಿಯ ಸಸಿಗಳಲ್ಲಿ ಯಾವುದನ್ನು ತುಳಿಯುತ್ತಿದ್ದೇನೆ ಎಂದು ನನಗೇನು ಗೊತ್ತು? ನನ್ನ ಸಸಿಗಳು ಅದೇ ಹಳ್ಳದಂಚಿಗೆ, ಅಡಿಕೆ ಸಾಲು ಮುಗಿಯುವಲ್ಲಿಗೆ.

ಸೆಪ್ಟೆಂಬರ್ 28. 29ಕ್ಕೂ ತಗಡಿನ ಚೂರಿನಲ್ಲಿ ಅಂಕಿ ಕೊರೆದು ಕಟ್ಟಿದೆ. ತಾಯಿಮರದ ಎಲೆ, ಒಡೆದ ಹಣ್ಣು, ತೊಗಟೆಯ ಚಿತ್ರಗಳನ್ನು ದಿನಾಂಕ, ಜಾಗದ ಸಮೇತ ಗಿಡ, ಪ್ರಾಣಿಗಳ ಮಾಹಿತಿ ಕೂಡಿಡುವ ಜಾಲತಾಣ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿದೆ. ಹೂವಿನ ಚಿತ್ರ ಇಲ್ಲ, ಅದು ಮುಂದಿನ ಹಂಗಾಮಿಗೆ. ರಾಮಪತ್ರೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೂ ಬಿಡುವ ತನಕ ಗುರುತು ಹತ್ತುವುದಿಲ್ಲ. "ಅಷ್ಟೊತ್ತಿಗೆ ನಿನ್ನ ಮೊಮ್ಮಗ ನೋಡಿಕೊಂಡಾನು ಬಿಡೋ" ಎಂದು ಭಾವ ನಕ್ಕ. ಹೆಣ್ಣು ಮರದ ಕುಡಿ ತಂದು ಸಸಿಗೆ ಕಟ್ಟುವ ಕಸಿ ಕಲಿಯಬೇಕು.

17ನೆಯ ಸಸಿಯ ಕುಡಿಯನ್ನು ಏನೋ ಕತ್ತರಿಸಿದೆ. ಇಂದು ರಾತ್ರಿ ಟಾರ್ಚ್ ಹಿಡಿದು ಕೂರುತ್ತೇನೆ.