ಭೇದಿಯ ಹಿಂದೆ ಕೇಳಬೇಕಾದ ಪ್ರಶ್ನೆ

ಹಾಸನದಲ್ಲಿ ನಿನ್ನೆ ಸಂಜೆ ನಾವು ಕೆಲವು ವೈದ್ಯರು ಸೇರಿ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ತಿರುಗಿಸುವ ಇಮ್ಯುನೋಥೆರಪಿ ಚಿಕಿತ್ಸೆಯ ಬಗ್ಗೆ ಎರಡು ಗಂಟೆ ಪಾಠ ಕೇಳಿದೆವು. ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಟಿ-ಕೋಶಗಳಿಗೆ ಸಹಜವಾಗಿಯೇ ಇರುವ ಸಿಟಿಎಲ್‌ಎ-4, ಪಿಡಿ-1 ಎಂಬ ತಡೆಗಳನ್ನು ಸಡಿಲಿಸಿದರೆ ದೇಹವೇ ಗಡ್ಡೆಯ ಮೇಲೆ ಎರಗಬಲ್ಲದೆಂದು ತೋರಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂದದ್ದು ಎಲ್ಲರಿಗೂ ನೆನಪಿತ್ತು. ತಿಳಿಯಬೇಕಾಗಿದ್ದುದು ಬೇರೆ.

ಈ ತಡೆ ಸಡಿಲಿಸುವ ಔಷಧಿ ಕೊಡುವುದು ಬೆಂಗಳೂರಿನಲ್ಲಾದರೂ, ಭೇದಿಯೋ ಒಣಕೆಮ್ಮೋ ವಿಪರೀತ ಸುಸ್ತೋ ಶುರುವಾದಾಗ ರೋಗಿ ಬರುವುದು ಸಕಲೇಶಪುರದ, ಅರಸೀಕೆರೆಯ ಹತ್ತಿರದ ವೈದ್ಯರ ಬಳಿಗೆ. ಅದು ಸೋಂಕಾಗಿರದೆ, ಕೆರಳಿದ ರೋಗನಿರೋಧಕ ಶಕ್ತಿಯೇ ಕರುಳನ್ನೋ ಶ್ವಾಸಕೋಶವನ್ನೋ ಥೈರಾಯ್ಡನ್ನೋ ಕಾಡುತ್ತಿರಬಹುದು. ಚಿಕಿತ್ಸೆ ನಿಂತು ತಿಂಗಳುಗಳಾದ ಮೇಲೂ ಹಾಗಾಗುವುದುಂಟು. ಕರುಳಿನದೋ ಶ್ವಾಸಕೋಶದ್ದೋ ತೊಂದರೆ ಜೋರಾಗಿದ್ದರೆ, ಸೋಂಕಿಲ್ಲವೆಂದು ಖಚಿತಪಡಿಸಿಕೊಂಡು, ಆ ಕೆರಳಿಕೆಯನ್ನು ತಗ್ಗಿಸುವ ಸ್ಟೀರಾಯ್ಡನ್ನು ತಡಮಾಡದೆ ಆರಂಭಿಸಬೇಕಾದ ಸಂದರ್ಭವದು.

ಕಳೆದ ವರ್ಷ ಇಂಥದೇ ಒಬ್ಬರಿಗೆ ನಾನು ಮೂರು ದಿನ ಓಆರ್‌ಎಸ್ ಕುಡಿಸುತ್ತಾ ಕುಳಿತಿದ್ದೆ. "ಕೀಮೋ ಮುಗೀತು ಡಾಕ್ಟ್ರೇ" ಎಂದು ಅವರು ಹೇಳಿದ್ದನ್ನು ಹಾಗೆಯೇ ನಂಬಿದ್ದೆ; ಅವರಿಗೆ ಕೊಟ್ಟಿದ್ದದ್ದು ಇಮ್ಯುನೋಥೆರಪಿ. ನರಕ್ಕೆ ಹನಿಸುವುದೆಲ್ಲವೂ ನಮ್ಮ ಕಡೆ ಕೀಮೋವೇ ತಾನೇ. ಇವತ್ತು ಬೆಳಗಿನಿಂದ, ಕ್ಯಾನ್ಸರ್ ಚಿಕಿತ್ಸೆ ಪಡೆದವರು ಬಂದರೆ ಹಳೆಯ ಡಿಸ್ಚಾರ್ಜ್ ಚೀಟಿ ಕೇಳಿ, ಔಷಧಿಯ ಹೆಸರನ್ನೇ ಬರೆದುಕೊಳ್ಳುತ್ತಿದ್ದೇನೆ.