ಉದ್ರಿ ಪುಸ್ತಕ ಮತ್ತು ಜಪಸರ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲುಗಟ್ಟಿ ನಿಂತ ದಿನದಿಂದಲೇ ನನ್ನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ತುಂಬತೊಡಗುತ್ತದೆ. ಕುಚಲಕ್ಕಿ, ಬೆಲ್ಲ, ತೆಂಗಿನೆಣ್ಣೆ, ಬೆಂಕಿಪೆಟ್ಟಿಗೆ, ಹೀಗೆ ಎಲ್ಲವೂ ಬೋಟು ಹೊರಟ ಮೇಲೆ ಕೊಡುತ್ತೇವೆಂಬ ಮಾತಿನ ಮೇಲೆ ಮನೆ ಸೇರುತ್ತವೆ. ಈ ಎರಡು ತಿಂಗಳ ನಡುವೆಯೇ, ಜೂನ್ 13ರಂದು, ಸಂತ ಅಂತೋನಿಯವರ ಹಬ್ಬ ಬರುತ್ತದೆ. ಅವರು ಅಸಿಸಿಯ ಸಂತ ಫ್ರಾನ್ಸಿಸರ ಸಭೆಗೆ ಸೇರಿದ ಸನ್ಯಾಸಿ. ನಾನು ಅದೇ ಸಭೆಯ ಕುಟುಂಬದ, ಮೂರನೇ ಸಭೆ ಎಂದು ಕರೆಯುವ ಶ್ರೀಸಾಮಾನ್ಯರ ಶಾಖೆಯಲ್ಲಿ ಜೀವನಪರ್ಯಂತದ ವಾಗ್ದಾನ ಮಾಡಿದ ಗೃಹಿಣಿ.

ಹೀಗೆಂದಾಗ ನಮ್ಮ ಧರ್ಮಕೇಂದ್ರದವರೇ ಕೆಲವರು, ಮದುವೆಯಾದವರು ಕನ್ಯಾಸ್ತ್ರೀ ಆಗುವುದುಂಟೆ ಎಂದು ಕೇಳುತ್ತಾರೆ. ನಾವು ಕನ್ಯಾಸ್ತ್ರೀಯರಲ್ಲ, ಮಠದಲ್ಲಿ ಇರುವವರೂ ಅಲ್ಲ. ಮನೆ, ಗಂಡ, ಮಕ್ಕಳು, ಕಸುಬು ಯಾವುದನ್ನೂ ಬಿಡದೆ ಶುಭಸಂದೇಶದಂತೆ, ಅಂದರೆ ಯೇಸುವಿನ ಸುವಾರ್ತೆಯಂತೆ, ಬದುಕಲು ಬಯಸಿದವರಿಗಾಗಿ 1221ರಷ್ಟು ಹಿಂದೆಯೇ ಒಂದು ಜೀವನಕ್ರಮ ಬರಹದಲ್ಲಿ ರೂಪುಗೊಂಡಿತ್ತು. ಇಂದು ನಾವು ಅನುಸರಿಸುವ 26 ವಿಧಿಗಳ ನಿಯಮಕ್ಕೆ ಜಗದ್ಗುರು (ಪೋಪ್) ಆರನೇ ಪೌಲರು 1978ರ ಜೂನ್ 24ರಂದು ಅನುಮೋದನೆ ನೀಡಿದರು. ಕನಿಷ್ಠ ಒಂದು ವರ್ಷದ ತರಬೇತಿಯ ಬಳಿಕ, ಕ್ರೈಸ್ತರಾಗುವ ಸ್ನಾನದೀಕ್ಷೆಯಲ್ಲಿ ನಮ್ಮ ಪರವಾಗಿ ಹಿರಿಯರು ಆಡಿದ್ದ ಮಾತನ್ನು ಈ ಸಲ ನಾವೇ ನಮ್ಮ ಬಾಯಿಂದ ಆಡಿ ಒಪ್ಪಿಕೊಳ್ಳುತ್ತೇವೆ. ಶುಭಸಂದೇಶದಿಂದ ಬದುಕಿಗೆ, ಬದುಕಿನಿಂದ ಮತ್ತೆ ಶುಭಸಂದೇಶಕ್ಕೆ ಹೋಗಿ ಬರುತ್ತಿರಬೇಕೆಂದು ಆ ನಿಯಮ ಹೇಳುತ್ತದೆ. ಜಗತ್ತಿನ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯೂ 1964ರಲ್ಲಿ, ಪಾವಿತ್ರ್ಯದ ಕರೆ ಗುರುಗಳಿಗೆ ಮತ್ತು ಮಠವಾಸಿಗಳಿಗೆ ಮಾತ್ರವಲ್ಲ, ಎಲ್ಲರಿಗೂ ಬಂದಿದೆ ಎಂದು ಸ್ಪಷ್ಟವಾಗಿ ಸಾರಿತು.

ಫ್ರಾನ್ಸಿಸರು ಬಟ್ಟೆ ವ್ಯಾಪಾರಿಯ ಮಗನಾಗಿದ್ದರು ಎಂಬುದು ಬಹಳ ಜನಕ್ಕೆ ಗೊತ್ತು. ನನಗೆ ಅವರಿಗಿಂತಲೂ ಹತ್ತಿರದವರೆನಿಸುವುದು ಇಟಲಿಯ ಪೊಜ್ಜಿಬೊನ್ಸಿ ಊರಿನ ಲುಕೇಸಿಯೊ. ಈ ಮೂರನೇ ಸಭೆಯ ಮೊದಲ ಸದಸ್ಯರೆಂದು ಸಂಪ್ರದಾಯ ನೆನೆಯುವ ಈತ ಲಾಭದಾಸೆಯ ದವಸದ ವ್ಯಾಪಾರಿಯಾಗಿದ್ದು, ಮನಸ್ಸು ತಿರುಗಿದ ಮೇಲೆ ಹೆಂಡತಿ ಬೊನಾಡೊನ್ನಾಳೊಂದಿಗೆ ಬಡವರ ಸೇವೆಗೆ ನಿಂತವರು. ದವಸ ಅಳೆಯುವ ಕೈಗೂ ದೇವರ ಕರೆ ಬರುತ್ತದೆ ಎಂಬುದನ್ನು ತಕ್ಕಡಿಯ ಮುಂದೆ ಇಪ್ಪತ್ತು ವರ್ಷ ಕೂತ ನನಗೆ ಇದಕ್ಕಿಂತ ಚೆನ್ನಾಗಿ ಯಾವ ಪ್ರವಚನವೂ ಹೇಳಿಲ್ಲ.

ಆದರೂ ವಾಗ್ದಾನ ಮಾಡಿದ ವರ್ಷವೇ ನಾನು ಎಡವಿದೆ. ಜುಲೈ ತಿಂಗಳ ಒಂದು ಬೆಳಿಗ್ಗೆ ಚರ್ಚಿನ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸಿ ನೇರವಾಗಿ ಅಂಗಡಿಗೆ ಬಂದು ಬಾಗಿಲು ತೆಗೆದಿದ್ದೆ. ಮೀನು ಮಾರುವ ಕುಟುಂಬದ ಒಬ್ಬ ಹುಡುಗಿ ಎರಡು ಕಿಲೋ ಅಕ್ಕಿಗಾಗಿ ಬಂದು ನಿಂತಳು. ಸಗಟು ವ್ಯಾಪಾರಿಗೆ ಆ ವಾರವೇ ಹಣ ಕಟ್ಟಬೇಕಾಗಿದ್ದ ಚಿಂತೆಯಲ್ಲಿ ನಾನು ಪುಸ್ತಕ ತೆರೆದು, ನಾಲ್ಕು ಜನ ಗಿರಾಕಿಗಳ ಎದುರಿಗೆ, ಅವಳ ಮನೆಯ ಬಾಕಿಯನ್ನು ಸಾಲುಸಾಲಾಗಿ ಗಟ್ಟಿಯಾಗಿ ಓದಿಬಿಟ್ಟೆ. ಹುಡುಗಿ ಅಕ್ಕಿ ಒಯ್ಯದೆ ಹೋದಳು. ಮಾರನೆಯ ದಿನ ಅವಳ ತಾಯಿ ಬಂದು ಒಂದು ಹಿತ್ತಾಳೆ ಕೊಡವನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇಟ್ಟರು. "ಅಕ್ಕಾ, ಇದನ್ನ ಇಟ್ಕೊಳ್ಳಿ. ಆದ್ರೆ ಲೆಕ್ಕ ನನ್ನ ಹತ್ರ ಕೇಳಿ, ಮಗಳ ಹತ್ರ ಬೇಡ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಮತ್ತು ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಕೊಡವನ್ನು ನಾನು ಇಟ್ಟುಕೊಳ್ಳಲಿಲ್ಲ. ಆ ಶನಿವಾರ ಪಾಪನಿವೇದನೆಯಲ್ಲಿ ಇದನ್ನೆಲ್ಲ ಹೇಳಿಕೊಂಡು, ಎಲ್ಲರ ಬಾಕಿಯನ್ನೂ ಹೊಡೆದುಹಾಕುತ್ತೇನೆ ಎಂದೆ. ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗೆ ಮಾಡಿದರೆ ಬರುವ ಜೂನ್‌ನಲ್ಲಿ ಅವರಿಗೆ ಉದ್ರಿ ಕೊಡುವವರು ಯಾರು ಎಂದು ಕೇಳಿದರು. ಯೇಸು ಕಲಿಸಿದ ಪರಲೋಕ ಮಂತ್ರದಲ್ಲಿ ನಾವು ತಪ್ಪುಗಳನ್ನು ಕ್ಷಮಿಸಿ ಎಂದು ಬೇಡುವ ಜಾಗದಲ್ಲಿ ಮತ್ತಾಯನ ಶುಭಸಂದೇಶದ ಗ್ರೀಕ್ ಮೂಲದಲ್ಲಿರುವುದು ಸಾಲಗಳು ಎಂಬ ಅರ್ಥದ ಪದವೆಂದು ಅವರೇ ತಿಳಿಸಿದರು. ಅಂದಿನಿಂದ ಆ ಸಾಲನ್ನು ಹೇಳುವಾಗ ನನ್ನ ಕಣ್ಣಮುಂದೆ ಬರುವುದು ಕೆಂಪು ರಟ್ಟಿನ ಆ ಪುಸ್ತಕ. ಲೆಕ್ಕ ಬರೆಯುವುದು ತಪ್ಪಲ್ಲ, ಕೇಳುವುದೂ ತಪ್ಪಲ್ಲ, ಅಂಗಡಿ ಉಳಿಯದಿದ್ದರೆ ಯಾರಿಗೂ ನೆರವಾಗಲಾರದು. ಆದರೆ ಸಾಲಗಾರನ ಮಾನವನ್ನು ಅಡ ಇಡಿಸಿಕೊಳ್ಳುವ ಹಕ್ಕು ನನಗಿಲ್ಲ. ಕೆಲವು ಬಾಕಿಗಳನ್ನು ಈಗ ಸದ್ದಿಲ್ಲದೆ ಬಿಡುತ್ತೇನೆ, ಕೆಲವನ್ನು ಬಿಡುವುದಿಲ್ಲ. ಯಾವುದನ್ನು ಬಿಡಬೇಕೆಂದು ತಿಳಿಯಲು ದಿನವೂ ಪ್ರಾರ್ಥಿಸಬೇಕಾಗಿದೆ. ನಿಯಮವು ಪ್ರತಿದಿನದ ಮನಪರಿವರ್ತನೆ ಎಂದು ಕರೆಯುವುದು ನನ್ನ ಪಾಲಿಗೆ ಬಹುಮಟ್ಟಿಗೆ ಇದೇ ಆಗಿದೆ.

ಈ ವರ್ಷದ ಅಂತೋನಿಯವರ ಹಬ್ಬಕ್ಕೆ ಶಿರಸಿಯ ಸಂತ ಅಂತೋನಿ ದೇವಾಲಯಕ್ಕೆ ಹೋಗಿದ್ದೆ. ಅಂಕೋಲಾ ದಾಟಿ ಶಿರೂರು ಬಂದಾಗ ಬಸ್ಸಿನೊಳಗಿನ ಮಾತು ತಾನಾಗಿ ನಿಂತಿತು. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಬದಿಯ ಚಹಾದಂಗಡಿಯನ್ನೂ ಅದನ್ನು ನಡೆಸುತ್ತಿದ್ದ ಕುಟುಂಬವನ್ನೂ ಬಲಿ ತೆಗೆದುಕೊಂಡಿತು. ದಾರಿಹೋಕರಿಗೆ ಚಹಾ ಕೊಟ್ಟು ಬದುಕಿದ ಆ ಮನೆಯವರಿಗಾಗಿ, ಅಂಗಡಿಯವಳಾಗಿ, ಗಂಗಾವಳಿ ಸೇತುವೆ ದಾಟುವವರೆಗೂ ಜಪಸರ ಹೇಳಿದೆ. ದೇವಿಮನೆ ಘಾಟಿಯಲ್ಲಿ ಮಂಜು ದಟ್ಟವಾಗಿತ್ತು. ಪೂಜೆಯಾದ ಮೇಲೆ, ಬಡವರಿಗೆಂದು ಆಶೀರ್ವದಿಸುವ ಅಂತೋನಿಯವರ ರೊಟ್ಟಿಯ ಹಳೆಯ ಪದ್ಧತಿಯನ್ನು ನೆನೆದು, ಮರಳಿ ಬರುವಾಗ ಪೇಟೆಯಲ್ಲಿ ಒಂದು ಚೀಲ ಬನ್ನು ಕೊಂಡು ತಂದೆ. ಮರುದಿನ ಅದನ್ನು ಉದ್ರಿಯವರು, ನಗದಿನವರು ಎಂದು ನೋಡದೆ ಅಂಗಡಿಗೆ ಬಂದ ಮಕ್ಕಳಿಗೆಲ್ಲ ಕೊಟ್ಟೆ.

ಸಂಜೆಯ ಪ್ರಾರ್ಥನೆಯನ್ನು ನಾನು ಅಂಗಡಿಯಲ್ಲೇ, ಅಕ್ಕಿಯ ಮೂಟೆಗಳ ನಡುವಿನ ಸ್ಟೂಲಿನ ಮೇಲೆ ಕೂತು ಮಾಡುತ್ತೇನೆ. ಒಂದು ಕೀರ್ತನೆ ಮುಗಿಯುವಷ್ಟರಲ್ಲಿ ಎರಡು ಸಲ ಏಳಬೇಕಾಗುತ್ತದೆ. ಮೊದಮೊದಲು ಇದರಿಂದ ಕಿರಿಕಿರಿಯಾಗುತ್ತಿತ್ತು. ಈಗ, ಕರೆದವರ ಕಡೆಗೆ ಏಳುವುದನ್ನೂ ಪ್ರಾರ್ಥನೆಯೊಳಗೇ ಸೇರಿಸಿಕೊಂಡಿದ್ದೇನೆ. ನಿನ್ನೆ ಮಳೆಗೆ ಕರೆಂಟು ಹೋಗಿತ್ತು. ಯೇಸುವಿನ ತಾಯಿ ಮರಿಯಮ್ಮನ ಸ್ತುತಿಗೀತೆಯನ್ನು ಆರಂಭಿಸಿದ್ದೆ, ಅಷ್ಟರಲ್ಲಿ ಅದೇ ಹುಡುಗಿ, ಈಗ ಕಾಲೇಜಿಗೆ ಹೋಗುವವಳು, ಕೊಡೆ ಮಡಚುತ್ತ ಒಳಗೆ ಬಂದಳು. "ಅಕ್ಕಾ, ಐದು ಕಿಲೋ ಅಕ್ಕಿ. ಅಮ್ಮ ಬರ್ಕೊಳ್ಳಿ ಅಂದ್ರು" ಎಂದಳು. ಮೇಣದಬತ್ತಿಯ ಬೆಳಕಿನಲ್ಲಿ ತೂಗಿ, ಕೈಯಲ್ಲಿ ಇನ್ನೊಂದು ಹಿಡಿ ತೆಗೆದು ಹಾಕಿ, ಮೊತ್ತವನ್ನು ಚೀಟಿಯಲ್ಲಿ ಬರೆದು ಮಡಚಿ ಚೀಲದೊಳಗೆ ಇಟ್ಟೆ. ಅವಳು ಹೋದ ಮೇಲೆ ಪುಟ ಹುಡುಕಲು ಬೆಳಕು ಸಾಲಲಿಲ್ಲ, ಉಳಿದ ಸ್ತುತಿಯನ್ನು ಬಾಯಿಪಾಠದಿಂದ ಹೇಳಿ ಮುಗಿಸಿದೆ.